ಡಾಲ್ಫಿನ್ ಕಾಣದಿದ್ದರೆ ಹಣ ಬೇಡ: ಕಾರವಾರ ಕರಾವಳಿಯ ಚಳಿಗಾಲದ ವ್ಯವಹಾರ ಕುರಿತು ಒಬ್ಬ ಸರಕುದಾರನ ಲೆಕ್ಕ

ಹುಬ್ಬಳ್ಳಿಯಲ್ಲಿ ಹಾಸಿಗೆ, ದಿಂಬುಗಳನ್ನು ತಯಾರಿಸುವ ಸಣ್ಣ ಘಟಕವೊಂದನ್ನು ನಡೆಸುತ್ತಿರುವ ಈ ಲೇಖಕನಿಗೆ ಕರಾವಳಿಯ ಚಳಿಗಾಲ ಪರಿಚಯವಾದದ್ದು ಖಾತೆ ಪುಸ್ತಕದ ಮೂಲಕ. ಆಗಸ್ಟ್ ಮುಗಿಯುತ್ತಿದ್ದಂತೆ ಕಾರವಾರ, ಗೋಕರ್ಣ, ಮುರ್ಡೇಶ್ವರಗಳ ಅಂಗಡಿಗಳಿಂದ ಬೇಡಿಕೆ ಬರತೊಡಗುತ್ತದೆ. ಸೆಪ್ಟೆಂಬರ್ ಕೊನೆಯ ವೇಳೆಗೆ ಸರಕು ಘಟ್ಟ ಇಳಿದಿರುತ್ತದೆ. ಹಣ ಮಾತ್ರ ಜನವರಿ ಕಳೆದ ಮೇಲೆಯೇ ಘಟ್ಟ ಹತ್ತುವುದು. ದೂರವಾಣಿಯಲ್ಲಿ ಕೇಳಿದಾಗಲೆಲ್ಲ ಬರುವ ಉತ್ತರ ಒಂದೇ: “ಸೀಜನ್ ಆಗ್ಲಿ ಸಾವ್ಕಾರ್ರೇ, ಒಂದ್ ರೂಪಾಯಿ ಬಾಕಿ ಇಡೂದಿಲ್ಲ.” ಅಂಗಡಿಕಾರನ ಹಣ ಹೋಮ್‌ಸ್ಟೇ ಮಾಲೀಕನಲ್ಲಿ, ಹೋಮ್‌ಸ್ಟೇ ಮಾಲೀಕನ ಹಣ ಇನ್ನೂ ಬಾರದ ಪ್ರವಾಸಿಗನ ಜೇಬಿನಲ್ಲಿ. ಆ ಪ್ರವಾಸಿಗನಾದರೋ ಬರುವುದು ಯಾವುದಕ್ಕಾಗಿ? ಸಮುದ್ರ ನೋಡಲು, ಮೀನಿನ ಊಟಕ್ಕೆ, ಮತ್ತು ಈಚಿನ ವರ್ಷಗಳಲ್ಲಿ ಹೆಚ್ಚು ಹೆಚ್ಚಾಗಿ, ಡಾಲ್ಫಿನ್ ನೋಡಲು. ಹೀಗೆ ಲೆಕ್ಕ ಹಾಕುತ್ತ ಹೋದರೆ ನಮ್ಮ ಬಾಕಿಯ ಹಣಕ್ಕೆ ಅಂತಿಮ ಜಾಮೀನುದಾರ ಕಾಳಿ ನದಿಯ ಅಳಿವೆಯಲ್ಲಿ ಈಜಾಡುವ ಒಂದು ಪ್ರಾಣಿಯೇ ಆಗಿದೆ ಎಂಬುದು ಸ್ಪಷ್ಟವಾಗುತ್ತದೆ.

ಕಳೆದ ಜನವರಿಯಲ್ಲಿ ವಸೂಲಿಗೆಂದು ಕಾರವಾರಕ್ಕೆ ಹೋದವನು ಎರಡು ದಿನ ಹೆಚ್ಚಿಗೆ ಉಳಿದು ಆ ಜಾಮೀನುದಾರನನ್ನು ಕಂಡು ಬಂದೆನು. ಅಲ್ಲಿ ಕಂಡ ವ್ಯವಹಾರದ ರೀತಿಯನ್ನು ವರ್ತಕ ಬಾಂಧವರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ. ವನ್ಯಜೀವಿ ವಿಷಯ ವಾಣಿಜ್ಯ ಪತ್ರಿಕೆಯಲ್ಲಿ ಏಕೆ ಎಂದು ಕೆಲವರು ಕೇಳಬಹುದು. ಮಾಲಿನ ಗುಣಮಟ್ಟ, ಕರಾರಿನ ಷರತ್ತು, ದಾಸ್ತಾನಿನ ಸವಕಳಿ, ಈ ಮೂರೂ ನಮ್ಮ ವಿಷಯಗಳೇ. ಇವು ಮೂರೂ ಅಲ್ಲಿ ಒಂದು ದೋಣಿಯೊಳಗೆ ಕುಳಿತಿದ್ದವು.

ಮೂಡುಗಾಳಿಯ ಮೂರು ತಾಸು

ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಸ್ವೆಟರ್ ತೆಗೆದಿಡಬೇಕಾಗುತ್ತದೆ. ಕರಾವಳಿಯ ಚಳಿಗಾಲವೆಂದರೆ ಇದು. ನಸುಕಿನಲ್ಲಿ ಹಿತವಾದ ತಂಪು, ಮಧ್ಯಾಹ್ನದ ಹೊತ್ತಿಗೆ 30 ಡಿಗ್ರಿ ಮೀರಿದ ಬಿಸಿಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ತೀರದಲ್ಲಿ ಮಳೆ ಸುರಿದು, ಸಮುದ್ರವು ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದನ್ನು ಓದುಗರು ಬಲ್ಲರು. ಪ್ರವಾಸಿ ದೋಣಿಗಳು ಸಹ ಮಳೆಗಾಲ ಪೂರ್ತಿ ದಡದ ಮೇಲೆ ತೆಂಗಿನ ಗರಿ ಹೊದ್ದು ಮಲಗಿರುತ್ತವೆ.

ಇಲ್ಲಿ ಸಾಮಾನ್ಯವಾದ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಡಾಲ್ಫಿನ್‌ಗಳು ಚಳಿಗಾಲದಲ್ಲಿ ಕಾರವಾರಕ್ಕೆ “ಬರುವುದಿಲ್ಲ”. ಇಲ್ಲಿ ಕಾಣುವ ಗೂನು ಬೆನ್ನಿನ ಡಾಲ್ಫಿನ್ ತೀರದ ಸಮೀಪದ ಆಳವಿಲ್ಲದ ನೀರಿನಲ್ಲಿ, ಅದರಲ್ಲಿಯೂ ನದಿಗಳ ಅಳಿವೆಗಳ ಸುತ್ತ, ವರ್ಷವಿಡೀ ವಾಸಿಸುವ ಪ್ರಾಣಿ. ಮಳೆಗಾಲದಲ್ಲಿಯೂ ಅದು ಅಲ್ಲಿಯೇ ಇರುತ್ತದೆ, ನಾವು ಮಾತ್ರ ಇರುವುದಿಲ್ಲ. ನಿಜವಾಗಿ ವಲಸೆ ಬರುವವು ಹಕ್ಕಿಗಳು. ಕಾಳಿ ನದಿಯ ಮರಳು ದಿಬ್ಬಗಳ ಮೇಲೆ ಬೆಳಗಿನ ಹೊತ್ತು ಸಾಲಾಗಿ ಗಾಳಿಗೆ ಮುಖ ಮಾಡಿ ನಿಂತಿರುವ ಕಂದು ತಲೆಯ ಕಡಲಕ್ಕಿಗಳು ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡಿ ಇಲ್ಲಿಗೆ ಇಳಿದಂಥವು. ಹೆಸರು ಕಂದು ತಲೆಯದಾದರೂ ಚಳಿಗಾಲದಲ್ಲಿ ಆ ಬಣ್ಣ ಹೋಗಿ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಮಾತ್ರ ಉಳಿದಿರುತ್ತದೆ. ಹಾಗಾಗಿ ಪುಸ್ತಕದ ಚಿತ್ರ ಹಿಡಿದುಕೊಂಡು ಹುಡುಕಿದವನಿಗೆ ಹಕ್ಕಿ ಎದುರಿಗಿದ್ದರೂ ಸಿಕ್ಕುವುದಿಲ್ಲ. ಈ ಲೇಖಕನಿಗೆ ಸಿಕ್ಕದ್ದು ತಾಂಡೇಲರು ತೋರಿಸಿದ ಮೇಲೆಯೇ.

ತಾಂಡೇಲ ಎಂದರೆ ದೋಣಿಯ ಚುಕ್ಕಾಣಿ ಹಿಡಿದ ನಾಯಕ. ನನ್ನನ್ನು ಕರೆದೊಯ್ದವರು ಅರವತ್ತರ ಹತ್ತಿರದ ಮೀನುಗಾರರು. ಮಗ ಬಲೆಯ ಕಸುಬನ್ನು ಬಿಟ್ಟು ಪ್ರವಾಸಿ ದೋಣಿ ಮಾಡಿಸಿದ ಮೇಲೆ ತಾವೂ ಅದಕ್ಕೆ ಬಂದವರು. ಬೆಳಗಿನ ಏಳು ಗಂಟೆಗೆ ಹೊರಡಬೇಕೆಂದು ಹಟ ಹಿಡಿದರು. “ಮೂಡುಗಾಳಿ ಇರೂ ತನಕ ನೀರು ಎಣ್ಣಿ ಹಾಂಗೆ ಇರ್ತದೆ ಸಾಹೇಬ್ರೇ, ಹನ್ನೊಂದಾದ ಮೇಲೆ ಪಡುಗಾಳಿ ಬಿಟ್ರೆ ತೆರೆ ಯಾವ್ದು, ಡಾಲ್ಫಿನ್ ಬೆನ್ನು ಯಾವ್ದು ಅಂತ ನಂಗೂ ತಿಳೂದಿಲ್ಲ” ಎಂದರು. ಚಳಿಗಾಲದ ರಾತ್ರಿ ನೆಲವು ಸಮುದ್ರಕ್ಕಿಂತ ಬೇಗ ತಣಿಯುವುದರಿಂದ ನಸುಕಿನಲ್ಲಿ ಗಾಳಿ ನೆಲದಿಂದ ಸಮುದ್ರದ ಕಡೆಗೆ ಮೆಲ್ಲಗೆ ಬೀಸುತ್ತದೆ. ಹೊತ್ತೇರಿ ನೆಲ ಕಾದಂತೆ ದಿಕ್ಕು ತಿರುಗಿ ಸಮುದ್ರದ ಗಾಳಿ ತೆರೆಗಳನ್ನು ಎಬ್ಬಿಸುತ್ತದೆ. ಈ ಎರಡರ ನಡುವಿನ ಮೂರು, ಹೆಚ್ಚೆಂದರೆ ನಾಲ್ಕು ತಾಸುಗಳೇ ಆ ವ್ಯಾಪಾರದ ನಿಜವಾದ ಬಂಡವಾಳ.

ಈಗ ಲೆಕ್ಕಕ್ಕೆ ಬರೋಣ. ನವೆಂಬರ್ 1ರಿಂದ ಫೆಬ್ರುವರಿ ಕೊನೆಯವರೆಗೆ 120 ದಿನಗಳು. ದಿನವೊಂದಕ್ಕೆ ತಿಳಿ ನೀರಿನ ಎರಡು ಸುತ್ತು ಎಂದು ಹಿಡಿದರೆ ಒಂದು ದೋಣಿಗೆ 240 ಸುತ್ತುಗಳು. ಆದರೆ ಶನಿವಾರ, ಭಾನುವಾರಗಳಷ್ಟೇ ಜನ ಬಂದರೆ ಆ ಅವಧಿಯಲ್ಲಿ ಸಿಗುವುದು ಸುಮಾರು 34 ದಿನ, ಅಂದರೆ 68 ಸುತ್ತು. ಉಳಿದ 170ಕ್ಕೂ ಹೆಚ್ಚು ಸುತ್ತುಗಳು ಖಾಲಿ. ಆ 34 ದಿನಗಳಲ್ಲಿ, ಮತ್ತು ಕ್ರಿಸ್ಮಸ್‌ನಿಂದ ಹೊಸವರ್ಷದವರೆಗಿನ ವಾರದಲ್ಲಿ, ಇಡೀ ತೀರದ ದೋಣಿಗಳೆಲ್ಲ ಒಂದೇ ಅಳಿವೆಯಲ್ಲಿ ಒಂದೇ ಹಿಂಡಿನ ಹಿಂದೆ ಬೀಳುತ್ತವೆ. ಯಂತ್ರವೊಂದನ್ನು ವಾರದಲ್ಲಿ ಐದು ದಿನ ನಿಲ್ಲಿಸಿ, ಎರಡು ದಿನ ಮಿತಿಮೀರಿ ಓಡಿಸುವ ಕಾರ್ಖಾನೆದಾರನನ್ನು ನಾವು ಏನೆಂದು ಕರೆಯುತ್ತೇವೆ?

ಫಲಕದ ಮೇಲಿನ ಷರತ್ತು

ಗೋವೆಯ ತೀರಗಳಲ್ಲಿ ಅಡ್ಡಾಡಿದವರು “ಡಾಲ್ಫಿನ್ ಕಾಣದಿದ್ದರೆ ಹಣ ಬೇಡ” ಎಂಬರ್ಥದ ಇಂಗ್ಲಿಷ್ ಫಲಕಗಳನ್ನು ನೋಡಿರುತ್ತಾರೆ. ಆ ಮಾತು ಗಡಿ ದಾಟಿ ನಮ್ಮ ಕಡೆಗೂ ಬಂದಿದೆ. ಫಲಕ ಇಲ್ಲದಿದ್ದರೂ ಬಾಯಿಮಾತಿನ ಒಪ್ಪಂದ ಹಾಗೆಯೇ ಇರುತ್ತದೆ. ಗ್ರಾಹಕನಿಗೆ ಇದು ಬಹಳ ಪ್ರಾಮಾಣಿಕವಾದ ವ್ಯಾಪಾರವೆಂದು ತೋರುವುದು ಸಹಜ. ಮಾಲು ಕೊಡದೆ ಹಣ ಕೇಳುವುದಿಲ್ಲ ಎನ್ನುವ ವರ್ತಕನನ್ನು ಯಾರು ಮೆಚ್ಚುವುದಿಲ್ಲ?

ಆದರೆ ಈ ಷರತ್ತೇ ಎಲ್ಲ ಕೇಡಿನ ಮೂಲ ಎಂದು ನನಗೆ ಮನವರಿಕೆಯಾದದ್ದು ದೋಣಿಯಲ್ಲಿ ಕುಳಿತ ಅರ್ಧ ತಾಸಿನೊಳಗೆ. ನಮ್ಮ ದೋಣಿ ಕೂರ್ಮಗಡ ದ್ವೀಪದ ಕಡೆಗೆ ಸಾಗಿ, ಒಂದು ಕಡೆ ಎಂಜಿನ್ ನಿಲ್ಲಿಸಿ ತೇಲುತ್ತಿತ್ತು. ನೂರಾರು ಮಾರು ದೂರದಲ್ಲಿ ಮೂರು ಬೆನ್ನುಗಳು ಎದ್ದವು, ಉಸಿರು ಬಿಟ್ಟ ಸದ್ದು ಸಹ ಕೇಳಿತು. ಬೆನ್ನಿನ ಮೇಲೆ ಗೂನು, ಗೂನಿನ ಮೇಲೊಂದು ಸಣ್ಣ ಈಜುರೆಕ್ಕೆ. ಮೀನು ಹಿಡಿಯುವ ಕೆಲಸದಲ್ಲಿ ಮಗ್ನವಾಗಿದ್ದ ಅವು ನಿಧಾನವಾಗಿ ನಮ್ಮ ಕಡೆಗೇ ಬರುತ್ತಿದ್ದವು. ಅಷ್ಟರಲ್ಲಿ ಎರಡು ದೋಣಿಗಳು ದಕ್ಷಿಣದಿಂದ ಪೂರ್ಣ ವೇಗದಲ್ಲಿ ಬಂದು ನಡುವೆ ನುಗ್ಗಿದವು. ಕೂಗಾಟ, ಸೀಟಿ, ಮೊಬೈಲ್‌ಗಳು. ಡಾಲ್ಫಿನ್‌ಗಳು ಮುಳುಗಿದವು. ದೋಣಿಗಳು ಅವು ಏಳಬಹುದಾದ ಕಡೆಗೆ ಅಡ್ಡ ತಿರುಗಿದವು. ಒಮ್ಮೆ ಎದ್ದವು, ಮತ್ತೆ ಅಟ್ಟಿದರು. ಮೂರನೆಯ ಸಲ ಎದ್ದಾಗ ಅವು ದೀಪಸ್ತಂಭದ ದ್ವೀಪದ ಆಚೆಗಿದ್ದವು. ಆ ದೋಣಿಗಳ ಪ್ರವಾಸಿಗರು ಡಾಲ್ಫಿನ್ ಕಂಡರು, ಹಣ ಸಂದಾಯವಾಯಿತು, ಕರಾರು ಪೂರೈಸಿತು. ನಮಗೆ ಆ ಬೆಳಗಿನ ಮಟ್ಟಿಗೆ ಅಲ್ಲಿಗೇ ಮುಗಿಯಿತು.

ತಾಂಡೇಲರು ಆ ಹುಡುಗರನ್ನು ಬೈಯಲಿಲ್ಲ. “ಅವ್ರ್ ತಪ್ಪಲ್ಲ ಸಾಹೇಬ್ರೇ. ತೋರ್ಸ್‌ದೇ ಇದ್ರೆ ಎಣ್ಣಿ ದುಡ್ಡೂ ಹೋಗ್ತದೆ. ನಾನೂ ಮೊದ್ಲು ಎರಡು ವರ್ಷ ಹಂಗೇ ಓಡ್ಸಿದೆ” ಎಂದರು. ಕಾಣಿಸಿದ್ದಕ್ಕೆ ಹಣ ಎಂದು ಗೊತ್ತುಮಾಡಿದಾಗ ದೋಣಿಯವನು ತನ್ನ ಹಣಕ್ಕಾಗಿ ಪ್ರಾಣಿಯನ್ನು ಬೆನ್ನಟ್ಟಲೇಬೇಕು. ಸಮಯಕ್ಕೆ ಹಣ ಎಂದು ಗೊತ್ತುಮಾಡಿದರೆ ಎಂಜಿನ್ ನಿಲ್ಲಿಸಿ ಕಾಯುವುದೇ ಅವನಿಗೆ ಲಾಭ, ಏಕೆಂದರೆ ನಿಂತ ಎಂಜಿನ್ ಎಣ್ಣೆ ಕುಡಿಯುವುದಿಲ್ಲ. ಒಂದೇ ದೋಣಿ, ಅದೇ ತಾಂಡೇಲ, ಅದೇ ಸಮುದ್ರ. ಷರತ್ತಿನ ಒಂದು ಸಾಲು ಬದಲಾದರೆ ವ್ಯವಹಾರದ ಸ್ವರೂಪವೇ ಬದಲಾಗುತ್ತದೆ. ನಮ್ಮ ಕಾರ್ಖಾನೆಗಳಲ್ಲಿ ತುಂಡಿನ ಲೆಕ್ಕದ ಕೂಲಿಗೂ ದಿನದ ಲೆಕ್ಕದ ಕೂಲಿಗೂ ಕೆಲಸದ ಗುಣದಲ್ಲಿ ಆಗುವ ವ್ಯತ್ಯಾಸವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಬೆನ್ನಟ್ಟುವುದರಿಂದ ಪ್ರಾಣಿಗೆ ಆಗುವ ನಷ್ಟವೇನು? ಡಾಲ್ಫಿನ್ ಕಣ್ಣಿಗಿಂತ ಹೆಚ್ಚಾಗಿ ಶಬ್ದದಿಂದ ಬದುಕುವ ಪ್ರಾಣಿ. ತಾನು ಹೊರಡಿಸಿದ ಶಬ್ದದ ಪ್ರತಿಧ್ವನಿಯಿಂದ ಮೀನನ್ನು ಗುರುತಿಸುತ್ತದೆ, ಮರಿಯನ್ನು ಶಬ್ದದಿಂದಲೇ ಜೊತೆಯಲ್ಲಿರಿಸಿಕೊಳ್ಳುತ್ತದೆ. ಹಲವು ಎಂಜಿನ್‌ಗಳ ಗದ್ದಲದಲ್ಲಿ ಅದಕ್ಕೆ ಬೇಟೆಯೂ ಇಲ್ಲ, ವಿಶ್ರಾಂತಿಯೂ ಇಲ್ಲ. ಇದೇ ಗೂನು ಬೆನ್ನಿನ ಡಾಲ್ಫಿನ್ ಅಳಿವಿನ ಅಪಾಯದಲ್ಲಿರುವ ಪ್ರಾಣಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿಯೂ ಸೇರಿದೆ, ಅಂದರೆ ಕಾನೂನಿನ ದೃಷ್ಟಿಯಲ್ಲಿ ಹುಲಿಗೆ ಸಮಾನ. ಹುಲಿಯನ್ನು ಜೀಪಿನಲ್ಲಿ ಅಟ್ಟಿಸಿಕೊಂಡು ಹೋಗಲು ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಯಾರೂ ಧೈರ್ಯ ಮಾಡುವುದಿಲ್ಲ. ಅದೇ ಕಾಳಿ ನದಿ ಸಮುದ್ರ ಸೇರುವಲ್ಲಿ ಮಾತ್ರ ಧೈರ್ಯಕ್ಕೆ ಕೊರತೆಯಿಲ್ಲ. ಆಸ್ಟ್ರೇಲಿಯಾದಲ್ಲಿ ಡಾಲ್ಫಿನ್‌ಗೆ 50 ಮೀಟರಿಗಿಂತ ಹತ್ತಿರ ದೋಣಿ ಒಯ್ಯುವಂತಿಲ್ಲ, 150 ಮೀಟರ್ ಒಳಗೆ ಬಂದರೆ ವೇಗ ತಗ್ಗಿಸಬೇಕು. ಆ ನಿಯಮದಿಂದ ಅಲ್ಲಿನ ವ್ಯಾಪಾರವೇನೂ ನಿಂತಿಲ್ಲ.

ಒರಿಸ್ಸಾದ ಪಾಠ

ಹೀಗೆ ಹೇಳುವುದು ಸುಲಭ, ಹೊಟ್ಟೆಪಾಡಿನವರು ಕೇಳಬೇಕಲ್ಲ ಎಂಬ ಆಕ್ಷೇಪ ಬರುವುದು ಖಚಿತ. ಅದಕ್ಕೆ ಉತ್ತರವಾಗಿ ಪೂರ್ವ ಕರಾವಳಿಯ ಒಂದು ಉದಾಹರಣೆ ಕೊಡಬಹುದು. ಒರಿಸ್ಸಾದ (ಇಂದಿನ ಒಡಿಶಾ) ಚಿಲಿಕಾ ಸರೋವರದ ಅಂಚಿನಲ್ಲಿ ಮಂಗಲಾಜೋಡಿ ಎಂಬ ಹಳ್ಳಿಯಿದೆ. ಚಳಿಗಾಲದಲ್ಲಿ ಅಲ್ಲಿನ ಜೌಗಿಗೆ ಲಕ್ಷಾಂತರ ವಲಸೆ ಹಕ್ಕಿಗಳು ಬರುತ್ತವೆ. ಒಂದು ಕಾಲಕ್ಕೆ ಆ ಹಳ್ಳಿ ಹಕ್ಕಿ ಹೊಡೆದು ಮಾರುವುದಕ್ಕೆ ಹೆಸರಾಗಿತ್ತು. 2000ದ ಸುಮಾರಿಗೆ ಹಳ್ಳಿಯವರೇ ರಕ್ಷಣಾ ಸಮಿತಿ ಕಟ್ಟಿಕೊಂಡರು. ಬೇಟೆಗಾರರಾಗಿದ್ದವರೇ ಮಾರ್ಗದರ್ಶಕರಾದರು. ಹಕ್ಕಿ ಎಲ್ಲಿ ಕೂರುತ್ತದೆ, ಯಾವಾಗ ಏಳುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಲ್ಲಿ ಎಂಜಿನ್ ದೋಣಿಯಿಲ್ಲ. ಉದ್ದನೆಯ ಬಿದಿರು ಗಳುವಿನಿಂದ ತಳ್ಳುವ ದೋಣಿಯಲ್ಲಿ ಸದ್ದಿಲ್ಲದೆ ಹಕ್ಕಿಗಳ ಸಮೀಪ ಹೋಗುತ್ತಾರೆ, ತಾಸಿನ ಲೆಕ್ಕದಲ್ಲಿ ಹಣ ಪಡೆಯುತ್ತಾರೆ. 2018ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಘಟನೆ ಆ ಹಳ್ಳಿಯ ಪ್ರಯತ್ನವನ್ನು ಗುರುತಿಸಿ ಪುರಸ್ಕರಿಸಿತು.

ಅದೇ ಚಿಲಿಕಾದ ಇನ್ನೊಂದು ತುದಿ ಸಾತಪಾಡಾ. ಅಲ್ಲಿ ಡಾಲ್ಫಿನ್ ನೋಡಲು ಎಂಜಿನ್ ದೋಣಿಗಳ ಸಾಲೇ ನಿಂತಿರುತ್ತದೆ, ಬೆನ್ನಟ್ಟುವ ದೂರು ಬಹಳ ಹಿಂದಿನಿಂದ ಕೇಳಿಬರುತ್ತಿದೆ. ಒಂದೇ ಸರೋವರ, ಎರಡು ವ್ಯಾಪಾರ ಪದ್ಧತಿ. ನಮ್ಮ ಕಾಳಿ ಅಳಿವೆಯವರು ಯಾವ ತುದಿಯನ್ನು ಅನುಸರಿಸಬೇಕೆಂದು ತೀರ್ಮಾನಿಸುವ ಹಂತದಲ್ಲಿ ಇದ್ದಾರೆ ಎಂದು ನನ್ನ ಅನಿಸಿಕೆ.

ಅಘನಾಶಿನಿಯ ಕೆಸರು, ಸಾಣಿಕಟ್ಟಾದ ಉಪ್ಪು

ಎರಡನೆಯ ದಿನ ಕುಮಟಾ ಕಡೆಗೆ ಹೋದೆ. ಡಾಲ್ಫಿನ್ ಒಂದನ್ನೇ ಮಾರಿದರೆ ಅದರ ಮೇಲೆ ಹೊರೆ ಹೆಚ್ಚು. ಅಂಗಡಿಯಲ್ಲಿ ಒಂದೇ ಮಾಲು ಇಡುವವನ ಪಾಡು ನಮಗೆ ತಿಳಿಯದ್ದಲ್ಲ. ಉತ್ತರ ಕನ್ನಡದ ಕರಾವಳಿಯಲ್ಲಿ ಇಡಲು ಬೇರೆ ಮಾಲು ಧಾರಾಳವಾಗಿದೆ, ಅದನ್ನು ಕೊಳ್ಳಬಹುದೆಂದು ಗ್ರಾಹಕನಿಗೆ ತಿಳಿಸಿದವರು ಕಡಿಮೆ.

ಅಘನಾಶಿನಿ ನದಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ನೀರು, ಹೂಳು ಅಡೆತಡೆಯಿಲ್ಲದೆ ಇಳಿದು ಬಂದು ಸಮುದ್ರದ ಉಪ್ಪುನೀರನ್ನು ಕೂಡುವ ಅದರ ಅಳಿವೆಯನ್ನು 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿಸಲಾಯಿತು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು ಮಾನ್ಯತೆ ದೊರೆಯಿತು. ಇಳಿತದ ಹೊತ್ತಿನಲ್ಲಿ ಅಲ್ಲಿ ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಚಿಪ್ಪು ಆರಿಸುತ್ತಿರುತ್ತಾರೆ. ಅವರಿಂದ ಸ್ವಲ್ಪ ದೂರದಲ್ಲಿ, ಕೊಕ್ಕು ಕೆಳಕ್ಕೆ ಬಾಗಿದ ಕರ್ಲ್ಯೂ ಹಕ್ಕಿ ಅದೇ ಕೆಸರಿಗೆ ಕೊಕ್ಕು ಇಳಿಸಿ ಅದೇ ಬಗೆಯ ಆಹಾರ ಹುಡುಕುತ್ತಿರುತ್ತದೆ. ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪು ತಡೆಯುವ ಕಗ್ಗ ಭತ್ತ, ಅದರ ಕೊಯ್ಲಾದ ಮೇಲೆ ಮೀನು, ಸಿಗಡಿ. ಆ ಗದ್ದೆಗಳ ಒಡ್ಡಿನ ಮೇಲೆ ಬೆಳಿಗ್ಗೆ ಒಂದು ತಾಸು ನಡೆದರೆ ಮಿಂಚುಳ್ಳಿ, ಬೆಳ್ಳಕ್ಕಿ, ಗರುಡ, ಮೀನು ಹಿಡಿಯುವ ಡೇಗೆ, ಇಷ್ಟನ್ನು ಯಾವ ಹರಸಾಹಸವೂ ಇಲ್ಲದೆ ನೋಡಬಹುದು.

ಸಮೀಪದ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ವರ್ತಕರು ಒಮ್ಮೆಯಾದರೂ ನೋಡಬೇಕು. ಸಮುದ್ರದ ನೀರನ್ನು ಮಡಿಯಿಂದ ಮಡಿಗೆ ಹಾಯಿಸಿ, ಬಿಸಿಲಿಗೆ ಇಂಗಿಸಿ, ಹರಳುಗಟ್ಟಿಸುವ ಹಳೆಯ ವಿಧಾನ ಇಂದಿಗೂ ನಡೆದಿದೆ. ಉಪ್ಪಿನ ಮಡಿಗಳ ತೆಳು ನೀರಿನಲ್ಲಿ ಚಳಿಗಾಲದ ಸಣ್ಣ ದಡದ ಹಕ್ಕಿಗಳು ಗುಂಪು ಗುಂಪಾಗಿ ಓಡಾಡುತ್ತಿರುತ್ತವೆ. ಉದ್ಯಮ ಒಂದು ಕಡೆ, ಪ್ರಕೃತಿ ಒಂದು ಕಡೆ ಎಂದು ಭಾಷಣಗಳಲ್ಲಿ ಕೇಳಿ ಬೇಸತ್ತವರಿಗೆ ಈ ದೃಶ್ಯ ಉಪಯುಕ್ತವಾದೀತು.

ಹೊನ್ನಾವರದ ಶರಾವತಿ ಹಿನ್ನೀರಿನ ಕಾಂಡ್ಲಾ ಕಾಡಿನ ನಡುವೆ ಅರಣ್ಯ ಇಲಾಖೆ ಹಲಗೆಯ ಕಾಲುದಾರಿ ನಿರ್ಮಿಸಿದೆ. ಕಾಸರಕೋಡು ತೀರಕ್ಕೆ 2020ರಲ್ಲಿ ನೀಲಿ ಧ್ವಜದ ಮಾನ್ಯತೆ ದೊರೆಯಿತು. ಅಪ್ಸರಕೊಂಡ–ಮುಗಳಿ ಪ್ರದೇಶವನ್ನು ರಾಜ್ಯದ ಮೊದಲ ಕಡಲ ವನ್ಯಧಾಮವೆಂದು ಘೋಷಿಸಲಾಗಿದೆ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಹವಳಗಳ ನಡುವೆ ಮುಳುಗಿ ಬರುವವರ ಸಂಖ್ಯೆಯೂ ಹೆಚ್ಚಿದೆ. ಇವೆಲ್ಲಕ್ಕೂ ಯುವಕರು ಹೆಚ್ಚಾಗಿ ಬೆಂಗಳೂರಿನಿಂದ ಬರುತ್ತಾರೆ. ಹತ್ತಿರದ ಹುಬ್ಬಳ್ಳಿ–ಧಾರವಾಡದ ನಾವು ವರ್ಷಕ್ಕೊಮ್ಮೆ ಗೋಕರ್ಣದ ದರ್ಶನ ಮುಗಿಸಿ ಹಿಂದಿರುಗುತ್ತೇವೆ.

ದೀಪದ ವಿಚಾರ

ಚಳಿಗಾಲದ ಇನ್ನೊಬ್ಬ ಅತಿಥಿ ಆಲಿವ್ ರಿಡ್ಲೆ ಕಡಲಾಮೆ. ಡಿಸೆಂಬರ್ ನಂತರದ ತಿಂಗಳುಗಳಲ್ಲಿ ಹೆಣ್ಣಾಮೆ ರಾತ್ರಿ ದಡಕ್ಕೆ ಬಂದು, ಮರಳು ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಮುಚ್ಚಿ ಹಿಂದಿರುಗುತ್ತದೆ. ಸುಮಾರು ಒಂದೂವರೆಯಿಂದ ಎರಡು ತಿಂಗಳಿಗೆ ಮರಿಗಳು ಹೊರಬಂದು ಬೆಳಕಿರುವ ಕಡೆಗೆ ಸಾಗುತ್ತವೆ. ಸಾವಿರಾರು ವರ್ಷಗಳಿಂದ ಬೆಳಕಿದ್ದ ಕಡೆ ಎಂದರೆ ಸಮುದ್ರ. ಈಗ ಬೆಳಕಿರುವ ಕಡೆ ಎಂದರೆ ರೆಸಾರ್ಟಿನ ಅಂಗಳ. ಮರಿಗಳು ಅತ್ತ ತೆವಳಿ ನಾಯಿ, ಕಾಗೆಗಳ ಪಾಲಾಗುತ್ತವೆ.

ಪರಿಹಾರ ಸುಲಭ. ತೀರದ ಕಡೆಗೆ ಬೆಳಕು ಬೀಳದಂತೆ ಮುಚ್ಚಳವಿರುವ, ತಗ್ಗಿನಲ್ಲಿ ಕೂರಿಸಿದ, ಕೆಂಪು ಅಥವಾ ಕಿತ್ತಳೆ ಛಾಯೆಯ ದೀಪಗಳು ಆಮೆಗೆ ಕಡಿಮೆ ತೊಂದರೆ ಕೊಡುತ್ತವೆ. ನಮ್ಮಲ್ಲಿ ತಗಡು ಮಡಚಿ ದೀಪದ ಕವಚ ಮಾಡುವ ಘಟಕಗಳಿವೆ, ವಿದ್ಯುತ್ ಸಾಮಗ್ರಿಯ ಸಗಟು ವರ್ತಕರಿದ್ದಾರೆ. ಕರಾವಳಿಯ ಹೋಮ್‌ಸ್ಟೇಗಳಿಗೆ ಇಂಥ ದೀಪಗಳನ್ನೇ ಒಂದು ಸರಕಾಗಿ ಏಕೆ ಒಯ್ಯಬಾರದು? ರತ್ನಾಗಿರಿ ಜಿಲ್ಲೆಯ ವೇಳಾಸ್ ಎಂಬ ಹಳ್ಳಿಯಲ್ಲಿ 2002ರಿಂದ ಆಮೆಯ ಗೂಡುಗಳನ್ನು ಊರವರು ಕಾಯುತ್ತಿದ್ದಾರೆ. ಮರಿಗಳನ್ನು ಸಮುದ್ರಕ್ಕೆ ಬಿಡುವುದನ್ನು ನೋಡಲು ಬರುವವರಿಗೆ ಊರಿನ ಮನೆಗಳಲ್ಲಿಯೇ ಊಟ, ವಸತಿ. ದೊಡ್ಡ ಹೋಟೆಲಿನ ಹೂಡಿಕೆಯಿಲ್ಲದೆ ಹಣ ಊರೊಳಗೆ ಹಂಚಿಹೋಗುತ್ತದೆ.

ಹೊನ್ನಾವರದ ಕಾಸರಕೋಡು–ಟೊಂಕಾ ತೀರದ ಬಂದರು ಯೋಜನೆಗೆ ಮೀನುಗಾರರು ವಿರೋಧಿಸುತ್ತ ಬಂದಿರುವುದಕ್ಕೆ ಅವರ ಜೀವನೋಪಾಯದ ಜೊತೆಗೆ ಇದೇ ಆಮೆಗಳ ಗೂಡುಗಳೂ ಒಂದು ಕಾರಣ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ 1990ರ ದಶಕದ ಕೊನೆಯಲ್ಲಿ ಮಂಜೂರಾಗಿಯೂ ಘಟ್ಟದ ಕಾಡಿನ ಕಾರಣ ವಿವಾದದಲ್ಲಿ ಸಿಲುಕಿದ್ದು ನಮಗೆಲ್ಲ ತಿಳಿದ ವಿಷಯ. ಈ ಎರಡರ ಬಗ್ಗೆ ವರ್ತಕರಲ್ಲಿ ಬಲವಾದ ಅಭಿಪ್ರಾಯಗಳಿವೆ, ನನಗೂ ಇದೆ. ಅದನ್ನು ಇಲ್ಲಿ ಎತ್ತುವುದಿಲ್ಲ. ಆದರೆ ಬಂದರು, ರೈಲುಗಳಿಂದ ಬರುವ ಲಾಭವನ್ನು ಬರೆದಿಡುವಾಗ, ಈಗಾಗಲೇ ಬರುತ್ತಿರುವ ಈ ಚಳಿಗಾಲದ ಆದಾಯವನ್ನೂ ಎದುರಿನ ಕಲಮಿನಲ್ಲಿ ಬರೆಯುವುದು ಲೆಕ್ಕದ ಧರ್ಮ.

ಜೀವರಕ್ಷಕ ಅಂಗಿ

ಸುರಕ್ಷತೆಯ ಬಗ್ಗೆ ಕಟುವಾಗಿ ಹೇಳಲೇಬೇಕು. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ಹಿಂದಿರುಗುತ್ತಿದ್ದ ದೋಣಿ ಮಗುಚಿ 16 ಜನ ಪ್ರಾಣ ಕಳೆದುಕೊಂಡರು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ತೀರದಲ್ಲಿ ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಸತ್ತರು. ಇವೆರಡೂ ಚಳಿಗಾಲದಲ್ಲಿ, ಸಮುದ್ರ ಶಾಂತವಾಗಿರುತ್ತದೆಂದು ಎಲ್ಲರೂ ನಂಬುವ ತಿಂಗಳುಗಳಲ್ಲಿ ನಡೆದವು. ಅದೇ 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಕುಸಿದು, ಆಗಸ್ಟ್ 7ರಂದು ಕಾಳಿಯ ಹಳೆಯ ಸೇತುವೆ ನದಿಗೆ ಬಿದ್ದಾಗ ಕರಾವಳಿಯ ಅಂಗಡಿಗಳಿಂದ ನಮಗೆ ಬರುವ ಬೇಡಿಕೆ ಹೇಗೆ ಕುಸಿಯಿತೆಂಬುದನ್ನು ಅಲ್ಲಿಗೆ ಸರಕು ಕಳಿಸುವವರು ಮರೆತಿರಲಾರರು. ರಸ್ತೆ ಕುಸಿದರೆ ಸರಕಾರವನ್ನು ಕೇಳಬಹುದು. ದೋಣಿಯ ವಿಷಯದಲ್ಲಿ ಗ್ರಾಹಕನೂ ಹೊಣೆಗಾರ.

ನಾನು ಹತ್ತಿದ ದೋಣಿಯಲ್ಲಿ ತಾಂಡೇಲರು ಜೀವರಕ್ಷಕ ಅಂಗಿಯ ಎಲ್ಲ ಪಟ್ಟಿಗಳನ್ನು ಬಿಗಿಯುವ ತನಕ ಎಂಜಿನ್ ಮುಟ್ಟಲಿಲ್ಲ. ಆ ಅಂಗಿಗಳನ್ನು ತಿರುಗಿಸಿ ನೋಡಿದೆ, ಕಸುಬಿನ ಚಟ. ಹೊಲಿಗೆ ಬಿಸಿಲಿಗೆ ಬಿಟ್ಟಿತ್ತು, ಒಳಗಿನ ಫೋಮ್ ಒತ್ತಿದರೆ ಮೇಲೇಳುತ್ತಿರಲಿಲ್ಲ. ಉಪ್ಪು ನೀರು, ಬಿಸಿಲುಗಳಿಗೆ ಎರಡು ಚಳಿಗಾಲ ಒಡ್ಡಿಕೊಂಡ ಅಂಗಿ ಮೂರನೆಯ ಚಳಿಗಾಲಕ್ಕೆ ನಿಜವಾಗಿ ತೇಲಿಸುವುದೋ ಇಲ್ಲವೋ ಎಂದು ಪರೀಕ್ಷಿಸುವವರು ಯಾರು? ಹೊಸದು ಮುಂಬಯಿಯಿಂದಲೋ ಕೊಚ್ಚಿಯಿಂದಲೋ ಬರಬೇಕೆಂದೂ, ಒಂದೆರಡು ಬೇಕಾದರೆ ಯಾರೂ ಕಳಿಸುವುದಿಲ್ಲವೆಂದೂ ಅವರು ಹೇಳಿದರು. ಪ್ರಮಾಣೀಕೃತ ಅಂಗಿಗಳನ್ನು ಸಗಟಾಗಿ ತರಿಸಿ, ದೋಣಿಯವರಿಗೆ ಬಿಡಿಯಾಗಿ, ನಮ್ಮ ಹಾಸಿಗೆಯಂತೆಯೇ ಸೀಜನ್ ಉದ್ದರಿಯ ಮೇಲೆ ಕೊಡುವ ವರ್ತಕನೊಬ್ಬ ಹುಬ್ಬಳ್ಳಿಯಲ್ಲಿ ಇಲ್ಲವೇ? ಹಳೆಯದನ್ನು ಹಿಂದಕ್ಕೆ ಪಡೆದು ನಾಶ ಮಾಡುವ ಷರತ್ತಿನೊಂದಿಗೆ ಕೊಟ್ಟರೆ ಇನ್ನೂ ಉತ್ತಮ.

ಹೋಗುವವರಿಗೆ

ಸದಸ್ಯರಲ್ಲಿ ಅನೇಕರು ಜನವರಿ, ಫೆಬ್ರುವರಿಯಲ್ಲಿ ವಿತರಕರನ್ನು, ಸಿಬ್ಬಂದಿಯನ್ನು ಪ್ರವಾಸಕ್ಕೆ ಒಯ್ಯುತ್ತಾರೆ. ಅದನ್ನು ಮಂಗಳವಾರ, ಬುಧವಾರಗಳಿಗೆ ಗೊತ್ತುಮಾಡಿದರೆ ಕೊಠಡಿ ಅಗ್ಗ, ಅಳಿವೆ ಖಾಲಿ. ದೋಣಿಗೆ ಬಂದರು ಇಲಾಖೆಯ ಪರವಾನಗಿ ಇದೆಯೇ, ಎಷ್ಟು ಜನರಿಗೆ ಇದೆ ಎಂದು ಹತ್ತುವ ಮುಂಚೆ ಕೇಳಬೇಕು, ಕೇಳಲು ಸಂಕೋಚ ಬೇಡ. ಹಣ ಸಮಯಕ್ಕೆಂದು ಮೊದಲೇ ಮಾತಾಡಬೇಕು, ಡಾಲ್ಫಿನ್ ಕಾಣದಿದ್ದರೂ ಪೂರ್ತಿ ಕೊಡುತ್ತೇವೆಂದು ಬಾಯಿ ಬಿಟ್ಟು ಹೇಳಬೇಕು. ಬಿಳಿ ಹೊಟ್ಟೆಯ ಕಡಲ ಹದ್ದಿನ ಗೂಡು ತೋರಿಸುವೆನೆಂದು ಯಾರಾದರೂ ಮರದ ಬುಡಕ್ಕೇ ಕರೆದರೆ ದೂರದಿಂದಲೇ ಸಾಕೆನ್ನಬೇಕು. ಒಂದು ದುರ್ಬೀನು ಒಯ್ದರೆ ದೋಣಿಯಲ್ಲಿ ಎಲ್ಲರಿಗೂ ಕೈಯಿಂದ ಕೈಗೆ ಸಾಗುತ್ತದೆ.

ನನ್ನ ಎರಡನೆಯ ಬೆಳಿಗ್ಗೆ ಬುಧವಾರವಾಗಿತ್ತು, ಕುಮಟಾಕ್ಕೆ ಹೊರಡುವ ಮುನ್ನ ಮತ್ತೆ ಅದೇ ದೋಣಿ ಹತ್ತಿದೆ. ಅಳಿವೆಯಲ್ಲಿ ನಮ್ಮದಲ್ಲದೆ ಎರಡು ಪಾತಿದೋಣಿಗಳಷ್ಟೇ ಇದ್ದವು. ತಾಂಡೇಲರು ಎಂಜಿನ್ ನಿಲ್ಲಿಸಿ ಬೀಡಿ ಹಚ್ಚಿದರು. ಮುಕ್ಕಾಲು ತಾಸು ಏನೂ ಆಗಲಿಲ್ಲ. ಗರುಡವೊಂದು ನೀರಿಗೆ ಎರಗಿ ಖಾಲಿ ಕಾಲಿನಲ್ಲಿ ಎದ್ದಿತು. ಆಮೇಲೆ ದೋಣಿಯಿಂದ ನಲವತ್ತು ಮಾರು ದೂರದಲ್ಲಿ ಒಂದು ದೊಡ್ಡ ಬೆನ್ನು, ಅದರ ಪಕ್ಕಕ್ಕೇ ಒತ್ತಿಕೊಂಡು ಬೂದು ಬಣ್ಣದ ಸಣ್ಣ ಬೆನ್ನೊಂದು ಎದ್ದವು. ತಾಯಿ, ಮರಿ. ಅವು ದೋಣಿಯ ಸುತ್ತ ಮೀನು ಅಟ್ಟುತ್ತ ಇಪ್ಪತ್ತು ನಿಮಿಷ ಇದ್ದವು, ನಾವು ಅಲುಗಲಿಲ್ಲ. ದಡಕ್ಕೆ ಬಂದ ಮೇಲೆ ಗೊತ್ತಾದ ಹಣದ ಮೇಲೆ ಇನ್ನೂ ಸ್ವಲ್ಪ ಕೊಡಹೋದೆ. ಅವರು ತೆಗೆದುಕೊಳ್ಳಲಿಲ್ಲ. “ಒಂದೂವರೆ ತಾಸಿಗೆ ಮಾತಾಡಿದ್ದು ಸಾಹೇಬ್ರೇ, ಒಂದೂವರೆ ತಾಸಿಗೇ ಬಂದೇವೆ. ಎಣ್ಣಿನೂ ಉಳ್ದದೆ” ಎಂದರು.

ಅಂಗಡಿಕಾರನ ಬಾಕಿಯಲ್ಲಿ ಅರ್ಧ ಅಂದು ಸಂಜೆ ಕೈಗೆ ಬಂತು. ಉಳಿದರ್ಧಕ್ಕೆ ಫೆಬ್ರುವರಿಯ ತಾರೀಖು ಕೊಟ್ಟಿದ್ದಾನೆ. ಈ ಸಲ ವಸೂಲಿಗೆ ಮನೆಯವರನ್ನೂ ಕರೆದುಕೊಂಡು, ವಾರದ ನಡುವೆಯೇ ಹೋಗುವುದೆಂದು ತೀರ್ಮಾನಿಸಿದ್ದೇನೆ.